ಕಳೆದುಹೋದ ಹದಿನೆಂಟು ಗುಂಟೆ: ಬೀದರ್ ಗಡಿಯ ಒಂದು ಸರ್ವೆ ನಂಬರಿನ ಪ್ರಕರಣ

ಪಹಣಿಯಲ್ಲಿ 4 ಎಕರೆ 2 ಗುಂಟೆ. ಹೊಲ ಅಳೆದರೆ 4 ಎಕರೆ 19 ಗುಂಟೆ. ಬೀದರ್ ಜಿಲ್ಲೆಯಲ್ಲಿ, ತೆಲಂಗಾಣದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರ ಹಿರಿಯ ಹೆಣ್ಣುಮಗಳೊಬ್ಬರು ಮೈದುನನ ಮಗನ ಜೊತೆ ಜಮೀನು ಪಾಲು ಮಾಡಿಕೊಳ್ಳಲು ಹೊರಟಾಗ ಈ ಫರಕು ಬೆಳಕಿಗೆ ಬಂತು. ಪಾಲಿಗೆ 11ಇ ನಕ್ಷೆ, ಅಂದರೆ ಜಮೀನು ತುಂಡು ಮಾಡುವ ಮೊದಲಿನ ಸರ್ವೆ ನಕ್ಷೆ ಬೇಕು. ನಕ್ಷೆಗೆ ಬಂದ ಭೂಮಾಪಕರು ದಾಖಲೆಗಿಂತ ನೆಲ ಹೆಚ್ಚಿದೆ ಎಂದು ಬರೆದು ಅರ್ಜಿಯನ್ನು ವಾಪಸ್ ಕಳಿಸಿದರು. ಪಕ್ಕದಲ್ಲೇ ಗಾಯರಾಣ (ದನ ಮೇಯಲು ಬಿಟ್ಟ ಸರ್ಕಾರಿ ಜಮೀನು) ಇದ್ದುದರಿಂದ ಹೆಚ್ಚಿನ ನೆಲ ಸರ್ಕಾರದ್ದಿರಬೇಕು, ಒತ್ತುವರಿಯಾಗಿದೆ ಎಂಬ ಮಾತೂ ಕಚೇರಿಯಲ್ಲಿ ಹುಟ್ಟಿತು. ಮೂರು ತಲೆಮಾರು ಉತ್ತು ಬಿತ್ತಿದ ಮನೆತನ ಒಂದೇ ದಿನದಲ್ಲಿ ಒತ್ತುವರಿದಾರರ ಸಾಲಿಗೆ ಸೇರಿತು.

ಊರು, ಮನೆತನ, ಸರ್ವೆ ನಂಬರು, ಕಚೇರಿಗಳ ಹೆಸರು ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಾರದೆಂದು ವಿಸ್ತೀರ್ಣ ಮತ್ತು ಆಕಾರದ (ಜಮೀನಿಗೆ ಗೊತ್ತುಮಾಡಿದ ಕಂದಾಯದ) ಅಂಕಿಗಳನ್ನೂ ಬದಲಿಸಲಾಗಿದೆ. ತಪ್ಪು ನಡೆದ ಬಗೆ, ಅದು ಸಿಕ್ಕಿಬಿದ್ದ ಬಗೆ ಮಾತ್ರ ಇದ್ದಂತೆಯೇ ಇದೆ.

ಜಿಲ್ಲೆ ತುಂಡಾದ ಬಗೆ

ಬಹಮನಿ ಸುಲ್ತಾನರು, ಬರೀದ್ ಶಾಹಿಗಳು, ಕೋಟೆ, ಮದರಸಾ ಇವೆಲ್ಲ ಬೀದರಿನ ದೊಡ್ಡ ಕಥೆ. ಹೊಲದ ಕಾಗದ ಹುಡುಕುವವನಿಗೆ ಬೇಕಾದ ಬೀದರ್ ಬೇರೆ. ಅದು 1865ರ ಸುಮಾರಿಗೆ ಹೈದರಾಬಾದ್ ನಿಜಾಮರ ದಿವಾನ ಮೊದಲನೇ ಸಾಲಾರ್ ಜಂಗ್ ಜಾರಿಗೆ ತಂದ ಜಿಲ್ಲಾಬಂದಿಯಿಂದ ಶುರುವಾಗುತ್ತದೆ. ಗುತ್ತಿಗೆಗೆ ಕಂದಾಯ ವಸೂಲಿ ಬಿಟ್ಟುಕೊಡುವ ಪದ್ಧತಿ ಹೋಗಿ, ಸಂಬಳದ ಅಧಿಕಾರಿಗಳು, ಜಿಲ್ಲೆ, ತಾಲ್ಲೂಕು ಎಂಬ ಏಣಿ ಬಂದದ್ದು ಆಗ. 1880ರ ದಶಕದಲ್ಲಿ ಆಡಳಿತದ ಭಾಷೆ ಫಾರಸಿಯಿಂದ ಉರ್ದುವಿಗೆ ಹೊರಳಿತು. ಹಳ್ಳಿಯ ಮಟ್ಟದಲ್ಲಿ ಲೆಕ್ಕ ಬರೆಯುವ ಪಟವಾರಿ ತನಗೆ ಬರುವ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದ. ಬೀದರ್ ಸೀಮೆಯಲ್ಲಿ ಮೋಡಿ ಲಿಪಿಯ ಮರಾಠಿ ಕಾಗದಗಳು ಸಿಗುವುದು ಅದಕ್ಕೇ.

ಆ ಕಾಲದ ಕಾಗದ ಓದುವಾಗ ಹುದ್ದೆಗಳ ಹೆಸರೇ ಮೊದಲ ಗುಂಡಿ. ನಿಜಾಮರ ಆಡಳಿತದಲ್ಲಿ 'ಅವಲ್ ತಾಲ್ಲೂಕುದಾರ' ಎಂದರೆ ಜಿಲ್ಲೆಯ ಕಲೆಕ್ಟರ್. ತಾಲ್ಲೂಕಿನ ಅಧಿಕಾರಿ ತಹಶೀಲ್ದಾರನೇ. 'ತಾಲ್ಲೂಕುದಾರರ ಹುಕುಂ' ಎಂದು ಬರೆದಿರುವುದನ್ನು ನೋಡಿ ತಾಲ್ಲೂಕು ಕಚೇರಿಯ ಬಸ್ತಾಗಳನ್ನೆಲ್ಲ ಬಿಚ್ಚಿಸಿದವರಿದ್ದಾರೆ. ಆ ಹುಕುಂ ಜಿಲ್ಲೆಯ ಕಡತದಲ್ಲಿ ತಣ್ಣಗೆ ಮಲಗಿರುತ್ತದೆ.

ಇನ್ನೊಂದು ಸಂಗತಿ: ಜಿಲ್ಲೆಯ ಎಲ್ಲ ಹಳ್ಳಿಯೂ ಸರ್ಕಾರದ ಕೈಕೆಳಗೆ ಇರಲಿಲ್ಲ. ದಿವಾನಿ ಹಳ್ಳಿಗಳು ಸರ್ಕಾರದವು. ಸರ್ಫ್-ಎ-ಖಾಸ್ ಹಳ್ಳಿಗಳ ಹುಟ್ಟುವಳಿ ನಿಜಾಮರ ಸ್ವಂತದ್ದು. ಉಳಿದವು ಜಾಗೀರು ಮತ್ತು ಪಾಯ್ಗಾ, ಅಂದರೆ ಸೈನ್ಯ ಸಾಕಲೆಂದು ಅಮೀರ ಮನೆತನಗಳಿಗೆ ಬಿಟ್ಟ ಹಳ್ಳಿಗಳು. ಚಿಟಗುಪ್ಪ ಸೀಮೆಯಲ್ಲಿ ಪಾಯ್ಗಾ ಹಳ್ಳಿಗಳಿದ್ದವು. ಜಹೀರಾಬಾದಿಗೆ ಆ ಹೆಸರು ಬಂದದ್ದೇ ಒಬ್ಬ ಪಾಯ್ಗಾ ಅಮೀರರಿಂದ. ಇಂಥ ಹಳ್ಳಿಗಳ ಲೆಕ್ಕಪತ್ರ ಆಯಾ ಒಡೆಯರ ಕಚೇರಿಯಲ್ಲಿ ಇರುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಳಗೆ ಬಂತು. 1949ರ ಆರಂಭದಲ್ಲಿ ಸರ್ಫ್-ಎ-ಖಾಸ್ ಸರ್ಕಾರದಲ್ಲಿ ವಿಲೀನವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ 1358 ಫಸ್ಲಿಯ (ಫಸ್ಲಿ ಎಂದರೆ ನಿಜಾಮರ ಕಂದಾಯ ವರ್ಷ) ಜಾಗೀರು ರದ್ದತಿ ಕಾನೂನು ಬಂತು. ಒಡೆಯರ ಕಚೇರಿಯ ಕಾಗದ ತಾಲ್ಲೂಕಿಗೆ ಬಂದದ್ದು ಆಮೇಲೆ.

ಏಳು ವರ್ಷ ಕಳೆಯುವಷ್ಟರಲ್ಲಿ ಜಿಲ್ಲೆಯೇ ಒಡೆಯಿತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ ಬೀದರ್ ಜಿಲ್ಲೆಯನ್ನು ಇಡಿಯಾಗಿ ತೆಲುಗು ಜಿಲ್ಲೆಗಳ ಜೊತೆ ಹೈದರಾಬಾದ್ ರಾಜ್ಯದಲ್ಲೇ ಉಳಿಸಲು ಹೇಳಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಅದನ್ನು ಒಪ್ಪದೆ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿತು. ಅಹಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ (ತಾಲ್ಲೂಕಿನೊಳಗಿನ ಹಳ್ಳಿಗಳ ಒಂದು ಗುಂಪು) ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಇಷ್ಟು ಆಂಧ್ರದ ಮೇಡಕ್ ಜಿಲ್ಲೆಗೆ ಸೇರಿದವು. ಉಳಿದದ್ದು ಮೈಸೂರು ರಾಜ್ಯದ ಬೀದರ್ ಜಿಲ್ಲೆ. ಕಾಯ್ದೆಯ ಸಾಲುಗಳನ್ನು ನಿಧಾನವಾಗಿ ಓದಿದರೆ ಒಂದು ಮಾತು ಕಾಣುತ್ತದೆ: ಕತ್ತರಿ ಕೆಲವು ಕಡೆ ತಾಲ್ಲೂಕಿನ ಅಂಚಿನಲ್ಲಿ ನಿಲ್ಲದೆ ಗಿರ್ದಾವರ್ ಸರ್ಕಲ್ಲಿನವರೆಗೆ ಇಳಿದಿದೆ. ತಾಲ್ಲೂಕು ಪೂರ್ತಿ ಹೋದರೆ ಅದರ ಕಚೇರಿ, ಕಪಾಟು, ಗುಮಾಸ್ತರು ಎಲ್ಲ ಒಟ್ಟಿಗೇ ಹೋಗುತ್ತಾರೆ. ಸರ್ಕಲ್ ಒಂದೇ ಹೋದರೆ ಕಾಗದವನ್ನು ಕೈಯಿಂದ ಆರಿಸಿ ಬೇರೆ ಮಾಡಬೇಕು.

ನಮ್ಮ ಹಳ್ಳಿ ಅಂಥ ಹಳ್ಳಿಗಳಲ್ಲೊಂದು. ಮೊದಲು ಪಾಯ್ಗಾ, 1949ರ ಬಳಿಕ ದಿವಾನಿ, 1956ರ ನವೆಂಬರ್ 1ರಂದು ತಾಲ್ಲೂಕೂ ಬದಲು, ರಾಜ್ಯವೂ ಬದಲು. ಇತ್ತೀಚೆಗೆ ಹೊಸ ತಾಲ್ಲೂಕುಗಳು ಆದಾಗ ಇನ್ನೊಮ್ಮೆ ತಾಲ್ಲೂಕು ಬದಲು. ಹೊಲ ಮಾತ್ರ ಕದಲಿಲ್ಲ.

ಮೊದಲ ವರ್ಷ ಹಾಳಾದದ್ದು

ಮನೆಯವರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ: ಪಹಣಿ ತಿದ್ದಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ. ಮೂಲ ದಾಖಲೆ ಹಾಜರುಪಡಿಸಿಲ್ಲ ಎಂದು ಅದು ತಿರಸ್ಕೃತವಾಯಿತು. ಅದರ ಮೇಲೆ ಒಬ್ಬ ಸಲಹೆಗಾರರ ಮಾತು ಕೇಳಿ, ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿದರು. ಆ ಕಲಮು ಇರುವುದು 129ನೇ ಕಲಮಿನಡಿ ದೃಢೀಕರಿಸಿದ ಮುಟೇಶನ್ (ಖಾತೆ ಬದಲಾವಣೆ) ಬಗ್ಗೆ ತಕರಾರಿದ್ದವರಿಗೆ. ಇಲ್ಲಿ ಮುಟೇಶನ್ನೇ ನಡೆದಿಲ್ಲ, ವಿಸ್ತೀರ್ಣ ಕಡಿಮೆ ಮಾಡಿದ ಯಾವ ಆದೇಶವೂ ಇಲ್ಲ. ಪ್ರಶ್ನಿಸಲು ಆದೇಶವೇ ಇಲ್ಲದ ಮೇಲ್ಮನವಿ ವಜಾ ಆಗದೆ ಇನ್ನೇನಾದೀತು? ಹೀಗೆ ವರ್ಷ ಹೋಯಿತು.

ಆದರೂ ಆ ಸುತ್ತಾಟದಿಂದ ಒಂದು ಉಪಯೋಗವಾಯಿತು. ಮುಟೇಶನ್ ರಿಜಿಸ್ಟರಿನಲ್ಲಿ ಈ ನಂಬರಿಗೆ ಇದ್ದ ಎಲ್ಲ ನಮೂದು ತೆಗೆಸಿ ನೋಡಿದಾಗ, ಇದ್ದವು ವಾರಸಾ ಖಾತೆಗಳು ಎರಡೇ. ಎರಡರಲ್ಲೂ ವಿಸ್ತೀರ್ಣ 4-2. ಅಂದರೆ ಮಾರಾಟದಿಂದ, ಭೂಸ್ವಾಧೀನದಿಂದ, ರಸ್ತೆಗೆ ಬಿಟ್ಟದ್ದರಿಂದ ನೆಲ ಕಡಿಮೆಯಾಗಿಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಗಣಕಕ್ಕೆ ಏರಿದಾಗ ಆದ ಬೆರಳಚ್ಚಿನ ತಪ್ಪೂ ಅಲ್ಲ, ಏಕೆಂದರೆ ಅದಕ್ಕೂ ಮೊದಲಿನ ಕೈಬರಹದ ಪಹಣಿಗಳಲ್ಲೂ 4-2 ಎಂದೇ ಇದೆ. ಸರ್ವೆ ಕಚೇರಿಯ ಕನ್ನಡ ಆಕಾರಬಂದಿನ (ನಂಬರುವಾರು ವಿಸ್ತೀರ್ಣ, ಆಕಾರ ಬರೆದ ಪುಸ್ತಕ) ಉತಾರದಲ್ಲೂ 4-2. ತಪ್ಪು ಇದ್ದರೆ ಅದು ಕನ್ನಡದ ಮೊದಲ ಕಾಗದಕ್ಕಿಂತ ಹಿಂದೆ, ಉರ್ದುವಿನಿಂದ ಕನ್ನಡಕ್ಕೆ ದಾಟುವ ಹೊಸ್ತಿಲಲ್ಲಿ ಇರಬೇಕು.

ದುಡ್ಡು ಹೇಳಿದ ಸಾಕ್ಷಿ

ತಿರುವು ಸಿಕ್ಕಿದ್ದು ವಿಸ್ತೀರ್ಣದ ಕಾಲಂನಲ್ಲಿ ಅಲ್ಲ, ಅದರ ಪಕ್ಕದ ಆಕಾರದ ಕಾಲಂನಲ್ಲಿ. ಎಷ್ಟೋ ವರ್ಷದಿಂದ ಯಾರೂ ಕಣ್ಣು ಹಾಕದ ಕಾಲಂ ಅದು. ಈ ನಂಬರಿನ ಆಕಾರ 4 ರೂಪಾಯಿ 50 ಪೈಸೆ. ಬದುವಿನಾಚೆಯ ನಂಬರು 3 ಎಕರೆ 0 ಗುಂಟೆ, ಆಕಾರ 3 ರೂಪಾಯಿ. ಅದೇ ಕಪ್ಪು ಮಣ್ಣು, ಅದೇ ಖುಷ್ಕಿ (ಮಳೆಯಾಶ್ರಿತ ಜಮೀನು). ಅಲ್ಲಿ ಎಕರೆಗೆ ಸರಿಯಾಗಿ ಒಂದು ರೂಪಾಯಿ ಬಿದ್ದಿದೆ. ಇಲ್ಲಿ 4 ಎಕರೆ 2 ಗುಂಟೆಗೆ 4.50 ಎಂದರೆ ಎಕರೆಗೆ ಒಂದು ರೂಪಾಯಿ ಹನ್ನೊಂದು ಪೈಸೆ. ಒಂದೇ ತರದ ಜಮೀನಿಗೆ ಇಂಥ ಒಡಕು ದರ ಹಾಕುವ ಪದ್ಧತಿ ಬಂದೋಬಸ್ತಿನಲ್ಲಿ, ಅಂದರೆ ಜಮೀನು ಅಳೆದು ಕಂದಾಯ ಗೊತ್ತುಮಾಡುವ ಕೆಲಸದಲ್ಲಿ, ಇಲ್ಲ. ದರ ಒಂದು ರೂಪಾಯಿಯೇ ಎಂದಿಟ್ಟುಕೊಂಡರೆ 4.50ಕ್ಕೆ ನಾಲ್ಕೂವರೆ ಎಕರೆ ಆಗುತ್ತದೆ. ನಾಲ್ಕೂವರೆ ಎಕರೆ ಎಂದರೆ 4 ಎಕರೆ 20 ಗುಂಟೆ.

ಇಪ್ಪತ್ತು ಎಲ್ಲಿ ಎರಡಾಯಿತು ಎಂಬುದು ಉರ್ದು ಅಂಕಿ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಉರ್ದುವಿನಲ್ಲಿ ಸೊನ್ನೆ ಒಂದು ಚುಕ್ಕೆ ಅಷ್ಟೇ. ದುಂಡಗೆ ಬರೆದರೆ ಅದು ಐದು. ಇವೆರಡೂ ಕನ್ನಡದ ಕಣ್ಣಿಗೆ ಮೋಸ ಮಾಡುತ್ತವೆ. ಐದನ್ನು ಸೊನ್ನೆ ಎಂದು ಓದಿ 25 ಗುಂಟೆಯನ್ನು 20 ಮಾಡುವುದು ಒಂದು ಜಾತಿಯ ತಪ್ಪು. ಚುಕ್ಕೆಯನ್ನು ಕಾಗದದ ಕಸವೆಂದು ಬಿಟ್ಟು 20ನ್ನು 2 ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಐದು ಗುಂಟೆ ಹೋಗುತ್ತದೆ. ಎರಡನೆಯದರಲ್ಲಿ ಹೊಲದ ಒಂದು ಮೂಲೆಯೇ ಹೋಗುತ್ತದೆ.

ಹಾಗಾದರೆ ಆಕಾರ ಏಕೆ ತಪ್ಪಲಿಲ್ಲ? ನಿಜಾಮರ ಕಾಲದ ಕಂದಾಯ ದಾಖಲೆಗಳಲ್ಲಿ ದುಡ್ಡನ್ನು ಅಂಕಿಯಲ್ಲಿ ಬರೆಯದೆ 'ರಕಂ' ಎನ್ನುವ ಸಿಯಾಕ್ ಗುರುತುಗಳಲ್ಲಿ ಬರೆಯುವ ರೂಢಿ ಇತ್ತು. ಅರಬಿ ಸಂಖ್ಯಾವಾಚಕ ಪದಗಳನ್ನೇ ಕುಗ್ಗಿಸಿ ಮಾಡಿಕೊಂಡ ಗುರುತುಗಳು ಅವು. ಅಲ್ಲಿ ಸೊನ್ನೆಯ ಕೆಲಸವೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ವರ್ಷವರ್ಷ ಜಮಾಬಂದಿಯಲ್ಲಿ ತಾಳೆ ನೋಡುತ್ತಿದ್ದುದು ವಸೂಲಿಯನ್ನು. ಎಂಟಾಣೆ ಕಡಿಮೆ ಬಿದ್ದರೆ ಪಟವಾರಿ ಉತ್ತರ ಹೇಳಬೇಕಿತ್ತು. ಹದಿನೆಂಟು ಗುಂಟೆ ಕಡಿಮೆ ಬಿದ್ದರೆ ಕೇಳುವವರಿರಲಿಲ್ಲ. ರಾಜ್ಯ ಬದಲಾದಾಗ ಆಡಳಿತ ಕಾಯ್ದದ್ದು ತನ್ನ ದುಡ್ಡನ್ನು. ಆದ್ದರಿಂದಲೇ ಗಡಿ ಭಾಗದ ದಾಖಲೆಯಲ್ಲಿ ವಿಸ್ತೀರ್ಣಕ್ಕೂ ಆಕಾರಕ್ಕೂ ಜಗಳ ಬಿದ್ದರೆ ಮೊದಲು ಆಕಾರದ ಮಾತನ್ನು ನಂಬಿ ಹುಡುಕಾಟ ಶುರು ಮಾಡುವುದು ಲೇಸು.

ಆದರೆ ಲೆಕ್ಕ ಲೆಕ್ಕವೇ, ಪುರಾವೆ ಅಲ್ಲ. ಉರ್ದು ಮೂಲ ಬೇಕೇ ಬೇಕಿತ್ತು.

ಗಡಿಯಾಚೆಯ ಬಸ್ತಾ

ಈ ಸೀಮೆಯಲ್ಲಿ ಮೂಲ ಎಂದರೆ ಸೇತ್ವಾರ್. ಬಂದೋಬಸ್ತು ಆದಾಗ ನಂಬರುವಾರು ವಿಸ್ತೀರ್ಣ, ತರ, ಆಕಾರ, ಪಟ್ಟೇದಾರನ ಹೆಸರು ಬರೆದ ಪುಸ್ತಕ ಅದು. ಅದರ ಜೊತೆಗೆ ಪೋಟ ನಂಬರುಗಳ (ಸರ್ವೆ ನಂಬರಿನ ಒಳತುಂಡುಗಳ) ವಸೂಲ್ ಬಾಕಿ, ಹೊಲದ ಅಳತೆಯ ಟಿಪ್ಪಣ, ವರ್ಷದ ಬದಲಾವಣೆಗಳ ಫೈಸಲ್ ಪಟ್ಟಿ, ಆಮೇಲೆ 1954–55ರ ಖಾಸ್ರಾ ಪಹಣಿ. ಖಾಸ್ರಾ ಪಹಣಿ ಎಲ್ಲರೂ ಕೇಳುವ ಕಾಗದ, ಏಕೆಂದರೆ ರಾಜ್ಯ ಒಡೆಯುವ ಮೊದಲಿನ ಕೊನೆಯ ಸಮಗ್ರ ದಾಖಲೆ ಅದೇ. ಈ ಹಳ್ಳಿಯ ಖಾಸ್ರಾ ಪಹಣಿ ಈಚೆಯ ತಾಲ್ಲೂಕಿನಲ್ಲಿ ಇತ್ತು, ಆದರೆ ಬೇಕಾದ ಹಾಳೆಯೇ ಗೆದ್ದಲಿಗೆ ಆಹುತಿಯಾಗಿತ್ತು. ಸೇತ್ವಾರ್ ಈಚೆ ಬಂದೇ ಇರಲಿಲ್ಲ.

ಇಲ್ಲಿ ಮನೆಯವರು ಮಾಡಿದ ಒಂದು ಕೆಲಸ ಮುಂದೆ ಬಹಳ ಉಪಯೋಗಕ್ಕೆ ಬಂತು. 'ಇಲ್ಲ' ಎಂಬ ಬಾಯಿಮಾತಿಗೆ ತೃಪ್ತರಾಗದೆ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಸೇತ್ವಾರ್ ಈ ಕಚೇರಿಯಲ್ಲಿ ಲಭ್ಯವಿಲ್ಲ ಎಂದು ಹಿಂಬರಹ ಪಡೆದರು. ಆ ಹಿಂಬರಹವನ್ನು ಲಗತ್ತಿಸಿ ಆಚೆ ರಾಜ್ಯದ ಕಚೇರಿಗೆ ಬೇರೆಯೇ ಅರ್ಜಿ ಹಾಕಿದರು. ಮಾಹಿತಿ ಹಕ್ಕಿನ 6(3) ಕಲಮು ಅರ್ಜಿಯನ್ನು ಇನ್ನೊಂದು ಪ್ರಾಧಿಕಾರಕ್ಕೆ ವರ್ಗಾಯಿಸಲು ಹೇಳುತ್ತದೆ ನಿಜ, ಆದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಾಗದ ತಾನಾಗಿ ನಡೆದುಹೋಗುತ್ತದೆಂದು ಕಾಯುತ್ತ ಕೂರುವುದು ವ್ಯರ್ಥ.

ಆಚೆಯಿಂದ ಬಂದ ಮೊದಲ ಉತ್ತರ: ಈ ಹೆಸರಿನ ಹಳ್ಳಿ ನಮ್ಮ ವ್ಯಾಪ್ತಿಯಲ್ಲಿಲ್ಲ. ಸುಳ್ಳೇನಲ್ಲ. ಅವರು ಹುಡುಕಿದ್ದು ಈಗಿನ ಹಳ್ಳಿಗಳ ಪಟ್ಟಿಯಲ್ಲಿ, 1956ರಲ್ಲೇ ಕೈಬಿಟ್ಟ ಹಳ್ಳಿ ಅದರಲ್ಲಿ ಎಲ್ಲಿಂದ ಬರಬೇಕು? ಎರಡನೇ ಅರ್ಜಿಯನ್ನು ಬೇರೆ ಥರ ಬರೆಯಲಾಯಿತು. '1956ರ ಅಕ್ಟೋಬರ್ 31ಕ್ಕೆ ಮೊದಲು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದ ನಿಮ್ಮ ತಾಲ್ಲೂಕಿನ, ಇಂಥ ಸರ್ಕಲ್ಲಿನ, ಇಂಥ ಮೌಜೆ' ಎಂದು. ಹಳ್ಳಿಯ ಹೆಸರಿನಲ್ಲಿ ಳಕಾರವಿದೆ, ಉರ್ದುವಿನಲ್ಲಿ ಅದಕ್ಕೆ ಅಕ್ಷರವಿಲ್ಲ, ಲಾಮ್ ಒಂದೇ ಗತಿ. ಆದ್ದರಿಂದ ಹೆಸರನ್ನು ಮೂರು ಬಗೆಯ ಕಾಗುಣಿತದಲ್ಲಿ, ಜೊತೆಗೆ ಸುತ್ತಲಿನ ನಾಲ್ಕು ಹಳ್ಳಿಗಳ ಹೆಸರನ್ನೂ ಕೊಟ್ಟರು. ಆ ನಾಲ್ಕರಲ್ಲಿ ಎರಡು ಈಗಲೂ ಆಚೆಯವೇ. ಅವುಗಳ ಬಸ್ತಾದ ಪಕ್ಕದಲ್ಲಿ, 'ಜಿಲಾ ಬೀದರ್' ಎಂಬ ಚೀಟಿ ಹೊತ್ತ ಗಂಟಿನಲ್ಲಿ 1345 ಫಸ್ಲಿಯ ಸೇತ್ವಾರ್ ಸಿಕ್ಕಿತು.

ಹೈದರಾಬಾದಿನ ಫಸ್ಲಿಯನ್ನು ಇಸವಿಗೆ ತರುವಾಗ ಸಾಮಾನ್ಯವಾಗಿ 590 ಕೂಡಿಸಿ ಕೈತೊಳೆದುಕೊಳ್ಳುತ್ತಾರೆ. ಅಲ್ಲಿಯ ವರ್ಷ ಅಜೂರ್ ತಿಂಗಳಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಹಾಗಾಗಿ ಡಿಸೆಂಬರ್ ಕೊನೆಯವರೆಗೆ 590, ಜನವರಿಯಿಂದ 591. 1345 ಫಸ್ಲಿ ಎಂದರೆ 1935ರ ಅಕ್ಟೋಬರಿನಿಂದ 1936ರ ಅಕ್ಟೋಬರ್ ಆರಂಭದವರೆಗೆ. ದಾವೆಯಲ್ಲಿ ತಾರೀಖೇ ಮುಖ್ಯವಾದಾಗ ಈ ಒಂದು ವರ್ಷದ ಹೆಚ್ಚುಕಡಿಮೆ ಪೆಟ್ಟು ಕೊಡುತ್ತದೆ.

ತರ್ಜುಮೆಯಲ್ಲಿ ಮತ್ತೆ ಅದೇ ತಪ್ಪು

ದೃಢೀಕೃತ ನಕಲು ಕೈಗೆ ಬಂತು, ತರ್ಜುಮೆಗೆ ಕೊಟ್ಟರು. ಬಂದ ಕನ್ನಡ ತರ್ಜುಮೆಯಲ್ಲಿ 4 ಎಕರೆ 2 ಗುಂಟೆ! ಅರವತ್ತು ವರ್ಷದ ಹಿಂದಿನ ಗುಮಾಸ್ತ ಎಡವಿದ ಕಲ್ಲಿಗೇ ಈ ಕಾಲದ ತರ್ಜುಮೆಗಾರನೂ ಎಡವಿದ್ದ. ನಕಲು ಜೆರಾಕ್ಸ್ ಪ್ರತಿ. ಅದರ ಮೇಲೆ ಕಪ್ಪು ಚುಕ್ಕೆಗಳು ಹೇರಳ. ಯಾವುದು ಸೊನ್ನೆ, ಯಾವುದು ಧೂಳು? ಆಕಾರದ ಜಾಗದಲ್ಲಿ ಆತ 'ಅಸ್ಪಷ್ಟ' ಎಂದು ಬರೆದುಬಿಟ್ಟಿದ್ದ, ರಕಂ ಓದಲು ಬರುತ್ತಿರಲಿಲ್ಲ.

ಪ್ರಕರಣ ಮುಗಿದುಹೋಗುತ್ತಿದ್ದ ಗಳಿಗೆ ಇದು. ಆ ತರ್ಜುಮೆಯನ್ನು ಹಾಜರುಪಡಿಸಿದ್ದರೆ ಅದು ಎದುರಿನವರ ಸಾಕ್ಷಿಯಾಗುತ್ತಿತ್ತು. ಮನೆಯವರು ಅದನ್ನು ಹಾಕದೆ, ಹಳೆಯ ದಸ್ತಾವೇಜು ಓದುವ ಒಬ್ಬ ವೃದ್ಧರನ್ನು ಹುಡುಕಿ, ಅವರನ್ನು ಕರೆದುಕೊಂಡು ಹೋಗಿ ಮೂಲ ಪುಸ್ತಕವನ್ನೇ ತೋರಿಸಿದರು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಬರಹದ ಮಸಿ ಕಾಲಕ್ಕೆ ಕಂದು ತಿರುಗಿತ್ತು. ಎರಡರ ಬಲಕ್ಕಿದ್ದ ಚುಕ್ಕೆಯೂ ಅದೇ ಕಂದು. ಬೊರೂ ಲೇಖಣಿಯ ತುದಿ ಊರಿದ ಚೌಕದ ಗುರುತು, ಹಾಳೆಯ ಹಿಂಬದಿಯಲ್ಲಿ ಸಣ್ಣ ಉಬ್ಬು. ಧೂಳು ಹಾಗೆ ಉಬ್ಬುವುದಿಲ್ಲ. 'ಕಸ ಅಲ್ಲರೀ ಇದು, ಸಿಫರ್ ಅದ' ಎಂದರು. ಆಮೇಲೆ ಪಕ್ಕದ ರಕಂ ಓದಿದರು: ಐದು ರೂಪಾಯಿ ನಾಲ್ಕಾಣೆ.

ಐದು ರೂಪಾಯಿ ನಾಲ್ಕಾಣೆ ಕೇಳಿ ಮನೆಯವರ ಮುಖ ಬಾಡಿತು, ಅವರು ಕಾಯುತ್ತಿದ್ದುದು ನಾಲ್ಕೂವರೆಗೆ. ಇಲ್ಲೇ ಬಹಳ ಜನ ದಾರಿ ತಪ್ಪುವುದು. ಹೈದರಾಬಾದಿಗೆ ತನ್ನದೇ ಹಾಲಿ ಸಿಕ್ಕಾ ಇತ್ತು. ಬ್ರಿಟಿಷ್ ಭಾರತದ ಆರು ರೂಪಾಯಿಗೆ ಹಾಲಿ ಏಳು ರೂಪಾಯಿ. ಹಾಲಿ 5 ರೂಪಾಯಿ 4 ಆಣೆಯನ್ನು ಏಳರಿಂದ ಭಾಗಿಸಿ ಆರರಿಂದ ಗುಣಿಸಿದರೆ ಕರಾರುವಾಕ್ಕಾಗಿ 4 ರೂಪಾಯಿ 8 ಆಣೆ, ಅಂದರೆ 4.50. ಬದುವಿನಾಚೆಯ 3 ಎಕರೆಯ ಆಕಾರ ಸೇತ್ವಾರಿನಲ್ಲಿ ಹಾಲಿ 3 ರೂಪಾಯಿ 8 ಆಣೆ, ಅದು 3 ರೂಪಾಯಿಯೇ. ಹಾಲಿ ಲೆಕ್ಕದಲ್ಲಿ ಎಕರೆಗೆ 1 ರೂಪಾಯಿ 2 ಆಣೆ 8 ಪೈ. ಎರಡೂ ನಂಬರಿಗೆ ದರ ಒಂದೇ. (1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬಂದಾಗ 4-8 ಎಂಬುದನ್ನು 4.08 ಎಂದು ಬರೆದ ಪಹಣಿಗಳೂ ಇರುತ್ತವೆ. ಪುಣ್ಯಕ್ಕೆ ಇಲ್ಲಿ ಹಾಗಾಗಿರಲಿಲ್ಲ.)

ಮನೆಯಲ್ಲೇ ಇದ್ದ ಪುರಾವೆ

ಮೂಲ ಪುಸ್ತಕ ನೋಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸೇತ್ವಾರಿನ ಪ್ರತಿ ಪುಟದ ಕೆಳಗೆ ಮೀಜಾನ್, ಅಂದರೆ ಒಟ್ಟು ಹಾಕಿರುತ್ತಾರೆ. ಈ ಪುಟದ ಒಟ್ಟು 53 ಎಕರೆ 14 ಗುಂಟೆ. ಹಾಗಾದರೆ ಕನ್ನಡ ಆಕಾರಬಂದಿನ ಅದೇ ಪುಟದ ಒಟ್ಟು ಎಷ್ಟು? ಅಲ್ಲಿಯವರೆಗೆ ಮನೆಯವರ ಬಳಿ ಇದ್ದದ್ದು ತಮ್ಮ ನಂಬರಿನ ಒಂದು ಸಾಲಿನ ಉತಾರ ಮಾತ್ರ. ಈ ಸಲ ಪೂರ್ತಿ ಪುಟದ ನಕಲು ಕೇಳಿ ತಂದರು.

ಅದರಲ್ಲೂ ಒಟ್ಟು 53 ಎಕರೆ 14 ಗುಂಟೆ. ಆದರೆ ಮೇಲಿನ ಸಾಲುಗಳನ್ನು ಕೂಡಿದರೆ 51 ಎಕರೆ 22 ಗುಂಟೆ. ನಕಲು ಮಾಡಿದವರು ಕೂಡಿಸಿ ನೋಡದೆ ಮೀಜಾನನ್ನೂ ಹಾಗೇ ಇಳಿಸಿದ್ದರು. ಒಟ್ಟಿನಲ್ಲಿ ಸೊನ್ನೆ ಇರಲಿಲ್ಲವಾದ್ದರಿಂದ ಅದು ಸರಿಯಾಗಿಯೇ ಇಳಿದಿತ್ತು. ಕಡಿಮೆ ಬಿದ್ದದ್ದು 1 ಎಕರೆ 32 ಗುಂಟೆ, ಅಂದರೆ 72 ಗುಂಟೆ. ಒಂದು ನಂಬರಿನ 18 ಗುಂಟೆಯಿಂದ ಇದು ತುಂಬುವುದಿಲ್ಲ. ಆಕಾರದ ಕಾಲಂ ಹಿಡಿದು ಸಾಲುಸಾಲಾಗಿ ನೋಡಿದಾಗ ಇನ್ನೂ ಮೂರು ನಂಬರು ಸಿಕ್ಕಿಬಿದ್ದವು: 2-10 ಇದ್ದದ್ದು 2-1 ಆಗಿ 9 ಗುಂಟೆ, 6-30 ಇದ್ದದ್ದು 6-3 ಆಗಿ 27 ಗುಂಟೆ, 1-20 ಇದ್ದದ್ದು 1-2 ಆಗಿ 18 ಗುಂಟೆ. ನಮ್ಮ 18 ಸೇರಿಸಿದರೆ 72ಕ್ಕೆ 72. ಆ ಪುಟದಲ್ಲಿ ಗುಂಟೆಯ ಕಾಲಂನಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂಬ ಅಂಕಿಯೇ ಇಲ್ಲ. ಪುಸ್ತಕದ ಬೇರೆ ಪುಟಗಳಲ್ಲಿ ಇವೆ, ಅಲ್ಲಿಯ ಕೈಬರಹವೂ ಬೇರೆ. ಒಬ್ಬ ಗುಮಾಸ್ತ, ಒಂದು ಹಾಳೆ, ಬಹುಶಃ ಒಂದು ಮಧ್ಯಾಹ್ನದ ಕೆಲಸ.

ಕಹಿಯಾದ ಮಾತೆಂದರೆ, ಈ ಪುಟ ಸರ್ವೆ ಕಚೇರಿಯಲ್ಲಿ ಮೊದಲ ದಿನದಿಂದಲೂ ಇತ್ತು. ಗಡಿ ದಾಟುವ ಮೊದಲೇ ಪೂರ್ತಿ ಪುಟ ತಂದು ಕೂಡಿಸಿದ್ದರೆ ಹುಡುಕಾಟದ ದಿಕ್ಕು ಆಗಲೇ ಗೊತ್ತಾಗುತ್ತಿತ್ತು.

ಆದೇಶ

ಎರಡನೇ ಸುತ್ತಿನ ಅರ್ಜಿ ಮೊದಲಿನದರ ಹಾಗಿರಲಿಲ್ಲ. ಹೊಸ ತರ್ಜುಮೆಗೆ ಓದಿದವರ ಪ್ರಮಾಣಪತ್ರ, ಸೇತ್ವಾರ್ ಪುಟದ ಬಣ್ಣದ ಛಾಯಾಚಿತ್ರ (ಜೆರಾಕ್ಸಿನಲ್ಲಿ ಮಸಿಯ ಬಣ್ಣ ಕಾಣದು), ಎರಡೂ ಪುಟಗಳ ಕೂಡಿಕೆಯ ತಖ್ತೆ, ಹಾಲಿ ಸಿಕ್ಕಾದ ಲೆಕ್ಕ, 'ಲಭ್ಯವಿಲ್ಲ' ಎಂಬ ಹಿಂಬರಹ. ಮುಖ್ಯವಾಗಿ, ಕೇಳಿಕೆಯ ಕ್ರಮವೇ ಬದಲಾಯಿತು: ಮೊದಲು ಸರ್ವೆ ಇಲಾಖೆ ಆಕಾರಬಂದ್ ದುರಸ್ತಿ ಮಾಡಲಿ, ಅದರ ಆಧಾರದ ಮೇಲೆ ಪಹಣಿ ತಿದ್ದುಪಡಿಯಾಗಲಿ. ಪಹಣಿಯನ್ನು ಮೊದಲು ತಿದ್ದಿಸಲು ಹೋದರೆ ಆಕಾರಬಂದಿಗೆ ತಾಳೆಯಾಗುವುದಿಲ್ಲ ಎಂದು ಮತ್ತೆ ಅಲ್ಲೇ ನಿಲ್ಲುತ್ತದೆ.

ಒತ್ತುವರಿಯ ಗುಮಾನಿ ಕಳೆಯಲು ಇನ್ನೊಂದು ಉಪಾಯ ಮಾಡಲಾಯಿತು. ತಮ್ಮ ಹೊಲವನ್ನು ಮತ್ತೆ ಅಳೆಸುವ ಬದಲು ಗಾಯರಾಣವನ್ನೇ ಅಳೆಯಲು ಕೋರಿದರು. ಕದ್ದ ಮಾಲು ಎಂದರೆ ಕಳೆದುಕೊಂಡವನ ಬಳಿ ಕಡಿಮೆ ಇರಬೇಕಲ್ಲ. ಗಾಯರಾಣ ತನ್ನ ದಾಖಲೆಯಷ್ಟೇ ಇತ್ತು. ಆ ವರದಿ ಬಂದ ಮೇಲೆ ಕಚೇರಿಯ ಧಾಟಿಯೇ ಬದಲಾಯಿತು.

ಆಕಾರಬಂದ್ ದುರಸ್ತಿಗೆ ಹಿಡಿದದ್ದು ಏಳು ತಿಂಗಳು, ಪಹಣಿಗೆ ಇನ್ನೆರಡು. ಪಹಣಿಯಲ್ಲಿ ಈಗ 4 ಎಕರೆ 20 ಗುಂಟೆ. ನೆಲದಲ್ಲಿ ಸಿಗುವುದು 4-19. ಒಂದು ಗುಂಟೆ, ಅಂದರೆ 33 ಅಡಿ ಉದ್ದಗಲದ ತುಂಡು, ಬಂಡಿದಾರಿಯ ಅಂಚಿನಲ್ಲಿ ಎಲ್ಲೋ ಸವೆದಿದೆ. ಅದಕ್ಕಾಗಿ ಮತ್ತೆ ಓಡಾಡುವುದು ಬೇಡ ಎಂದು ಹಿರಿಯ ಹೆಣ್ಣುಮಗಳೇ ತೀರ್ಮಾನಿಸಿದರು. ಪಾಲಿನ ನಕ್ಷೆಯಾಯಿತು.

ಬೇರೆ ಹಳ್ಳಿಯವರು ಹುಡುಕುವಾಗ

ಇದೇ ಬಗೆಯ ತೊಡಕು ಬೀದರಿನ ಸುತ್ತ ಮೂರೂ ರಾಜ್ಯಗಳಲ್ಲಿ ಇರುವ ಸಂಭವವಿದೆ. ಉದಗೀರ್, ನಿಲಂಗಾ, ಅಹಮದಪುರದ ಹಳೆಯ ಕಾಗದ 1956ಕ್ಕೆ ಮೊದಲು ಬೀದರ್, ಆಮೇಲೆ ಉಸ್ಮಾನಾಬಾದ್, 1982ರ ಆಗಸ್ಟಿನಿಂದ ಲಾತೂರ್ ಜಿಲ್ಲೆಯ ಹೆಸರಿನಲ್ಲಿರುತ್ತದೆ. ಜಹೀರಾಬಾದ್, ನ್ಯಾಲಕಲ್, ನಾರಾಯಣಖೇಡದ್ದು ಬೀದರ್, ನಂತರ ಮೇಡಕ್, 2016ರ ಅಕ್ಟೋಬರಿನಿಂದ ಸಂಗಾರೆಡ್ಡಿ. ಅರ್ಜಿಯಲ್ಲಿ ಈಗಿನ ಜಿಲ್ಲೆಯ ಹೆಸರು ಬರೆದು ಹಳೆಯ ಬಸ್ತಾ ಕೇಳಿದರೆ ಸಿಗುವ ಉತ್ತರ ಗೊತ್ತೇ ಇದೆ. ಕಾಗದ ಹುಟ್ಟಿದ ದಿನ ಆ ಹಳ್ಳಿ ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಸರ್ಕಲ್, ದಿವಾನಿಯೋ ಪಾಯ್ಗಾವೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೊರಡಬೇಕು. ಪಾಯ್ಗಾ ಆಗಿದ್ದರೆ 1949ಕ್ಕೆ ಹಿಂದಿನ ವರ್ಷಗಳ ಕಾಗದ ದಿವಾನಿ ಕಡತದಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಲು ಅವಕಾಶವಿದೆ.

ಈ ಪ್ರಕರಣದಲ್ಲಿ ಕಂಡ ಇನ್ನೊಂದು ಅಂಶ: ಹಳ್ಳಿವಾರು ಕಟ್ಟಿದ ಪುಸ್ತಕಗಳು ಸರ್ಕಲ್ಲಿನ ಜೊತೆ ಈಚೆ ಬಂದಿದ್ದವು, ತಾಲ್ಲೂಕುವಾರು ಒಂದೇ ರಟ್ಟಿನಲ್ಲಿ ಹೊಲಿದವು ಬಂದಿರಲಿಲ್ಲ. ಒಂದು ರಟ್ಟಿನೊಳಗಿನ ಹನ್ನೆರಡು ಹಳ್ಳಿಗಳಲ್ಲಿ ಮೂರನ್ನು ಹರಿದು ಕೊಡಲು ಯಾವ ದಫ್ತರದವನೂ ಒಪ್ಪಲಾರ. ಹಾಗಾಗಿ ಯಾವ ಕಾಗದ ಎಲ್ಲಿರಬಹುದೆಂದು ಊಹಿಸಲು, ಅದನ್ನು ಹೇಗೆ ಹೊಲಿಯುತ್ತಿದ್ದರು ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅದೇ ಪುಟದ ಇನ್ನುಳಿದ ಮೂರು ನಂಬರುಗಳ ಪಹಣಿ ಈಗಲೂ 2-1, 6-3, 1-2 ಎಂದೇ ಇವೆ. ಇಬ್ಬರು ಪಟ್ಟೇದಾರರಿಗೆ ವಿಷಯ ತಿಳಿಸಲಾಗಿದೆ. 27 ಗುಂಟೆ ಕಳೆದುಕೊಂಡ ನಂಬರಿನವರು ಪುಣೆಯ ಕಡೆ ಕೆಲಸಕ್ಕೆ ಹೋಗಿದ್ದಾರಂತೆ, ಹೊಲ ಪಾಲಿಗೆ ಕೊಟ್ಟಿದ್ದಾರಂತೆ.